ಏರ್‌ಫ್ಲೋ ಸೆನ್ಸರ್ ಬದಲಿಸಿದರೆ ಗಾಡಿಯ ಎಳೆತ ಹೆಚ್ಚುತ್ತದೆಯೇ? ಹಣ ಹಾಕುವ ಮೊದಲು ತೂಗಿ ನೋಡಬೇಕಾದ ಆಯ್ಕೆಗಳು

"ಗಾಡಿ ಎಳಿವಲ್ದು" ಅಂತ ಗ್ಯಾರೇಜಿಗೆ ತಂದು ನಿಲ್ಲಿಸಿದ ಪಿಕಪ್‌ಗೆ ದೋಷ ಓದುವ ಸ್ಕ್ಯಾನರ್ ಹಚ್ಚಿದಾಗ ಗಾಳಿಯ ಅಳತೆ ತಪ್ಪಿದೆ ಎನ್ನುವ ಪಿ0101 ಕೋಡ್ ಬಂದರೆ ಮುಂದಿನ ಮಾತು ಏರ್‌ಫ್ಲೋ ಸೆನ್ಸರಿನದೇ. ತೊಳೆದು ಹಾಕಿದರೆ ಸಾಕು ಅಂತ ಒಬ್ಬರು, ಕಂಪನಿಯದೇ ಹೊಸದು ತರಿಸಿ ಅಂತ ಇನ್ನೊಬ್ಬರು. ಬಿಡಿಭಾಗದ ಅಂಗಡಿಯಲ್ಲಿ ಅದೇ ರೂಪದ ಇನ್ನೊಂದು ಸೆನ್ಸರ್ ತೀರಾ ಅಗ್ಗಕ್ಕೆ ಸಿಗುತ್ತದೆ. ಮೊಬೈಲ್ ತೆರೆದರೆ ದೊಡ್ಡ ಬಾಯಿಯ ಸೆನ್ಸರ್ ಹಾಕಿ ಎಂಜಿನ್ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಜಾಹೀರಾತು. ಬಳ್ಳಾರಿ, ರಾಯಚೂರು, ಕೊಪ್ಪಳದ ಧೂಳಿನಲ್ಲಿ ದುಡಿಯುವ ಗಾಡಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ, ಯಾವುದಕ್ಕೆ ಒಂದು ರೂಪಾಯಿಯನ್ನೂ ಹಾಕಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಗಾಡಿಯಲ್ಲಿರುವ ಸೆನ್ಸರ್ ಸರಿಯಾಗಿದ್ದರೆ ಎಷ್ಟೇ ದುಬಾರಿಯ ಹೊಸ ಸೆನ್ಸರ್ ಹಾಕಿದರೂ ಎಳೆತ ಹೆಚ್ಚುವುದಿಲ್ಲ. ಕೆಟ್ಟಿದ್ದರೆ, ಸರಿಯಾದದ್ದು ಹಾಕಿದಾಗ ಕಳೆದುಹೋದ ಎಳೆತ ಮರಳಿ ಬರುತ್ತದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ಏಕೆಂದರೆ ಈ ಸೆನ್ಸರ್ ಎಂಜಿನ್ನಿಗೆ ಗಾಳಿ ತಳ್ಳುವುದಿಲ್ಲ, ಹೋಗುವ ಗಾಳಿಯನ್ನು ತೂಗುತ್ತದೆ. ವೇಬ್ರಿಡ್ಜ್ ಹೊಸದಾದರೆ ಟಿಪ್ಪರಿನಲ್ಲಿರುವ ಅದಿರು ಒಂದು ಕಿಲೋ ಸಹ ಹೆಚ್ಚುವುದಿಲ್ಲ. ಆದರೆ ಹಳೇ ವೇಬ್ರಿಡ್ಜ್ ಕಡಿಮೆ ತೋರಿಸುತ್ತಿದ್ದರೆ ಪ್ರತಿ ಟ್ರಿಪ್ಪಿಗೂ ನಷ್ಟ ಮಾಲೀಕನದು.

ತೂಕ ತಪ್ಪಿದರೆ ಎಳೆತ ಯಾಕೆ ಹೋಗುತ್ತದೆ

ಸೆನ್ಸರಿನ ಒಳಗೆ ಉಗುರಿಗಿಂತ ಚಿಕ್ಕ ಫಿಲ್ಮ್ ಒಂದಿದೆ. ಕರೆಂಟು ಕೊಟ್ಟು ಅದನ್ನು ಸುತ್ತಲಿನ ಗಾಳಿಗಿಂತ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹರಿದಷ್ಟೂ ಆ ಶಾಖ ಹೋಗುತ್ತದೆ. ಹೋದ ಶಾಖದಿಂದ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಗಾಳಿಯ ತೂಕವನ್ನು ಲೆಕ್ಕ ಹಾಕುತ್ತದೆ. ಗಾತ್ರವಲ್ಲ, ತೂಕ. ನಮ್ಮ ಕಡೆ ಇದು ಮುಖ್ಯ. ಸಮುದ್ರಮಟ್ಟದಿಂದ ನಾನೂರು–ಐನೂರು ಮೀಟರ್ ಎತ್ತರದ ಈ ಬಯಲಿನಲ್ಲಿ 20 ಡಿಗ್ರಿಯ ಗಾಳಿ ಘನಮೀಟರಿಗೆ ಸುಮಾರು 1.14 ಕಿಲೋ ತೂಗಿದರೆ, ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ಸುಮಾರು 1.06 ಕಿಲೋ ತೂಗುತ್ತದೆ. ಶೇ 7ರಷ್ಟು ಗಾಳಿ ಬಿಸಿಲಿಗೇ ಹೋಯಿತು. ಬೇಸಿಗೆಯಲ್ಲಿ ಗಾಡಿ ಸ್ವಲ್ಪ ಮಂದವಾಗುವುದಕ್ಕೆ ಸೆನ್ಸರ್ ಹೊಣೆಯಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ನಿರ್ಧರಿಸುವುದು ಸಿಂಪಡಿಸಿದ ಡೀಸೆಲ್ಲಿನ ಪ್ರಮಾಣ. ಗಾಳಿಯ ತೂಕವನ್ನು ಇಸಿಎಂ ಮುಖ್ಯವಾಗಿ ಎರಡು ಕೆಲಸಕ್ಕೆ ಬಳಸುತ್ತದೆ. ಸುಟ್ಟ ಹೊಗೆಯನ್ನು ಎಷ್ಟು ಮರಳಿ ಒಳಗೆ ಬಿಡಬೇಕು, ಅಂದರೆ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು ಎಂಬುದು ಮೊದಲನೆಯದು. ಕಪ್ಪು ಹೊಗೆ ಬಾರದ ಹಾಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಬಿಡಬಹುದು ಎಂಬುದು ಎರಡನೆಯದು. ಎಳೆತಕ್ಕೆ ಪೆಟ್ಟು ಬೀಳುವುದು ಈ ಎರಡನೆಯ ಕಡೆಯಿಂದ. ಲೋಡ್ ಹತ್ತುವಾಗ ಒಂದು ಸಿಲಿಂಡರಿಗೆ ಒಂದು ಸಲಕ್ಕೆ 1000 ಮಿಲಿಗ್ರಾಂ ಗಾಳಿ ಹೋಗುತ್ತಿದೆ, ಇಸಿಎಂ 20 ಪಾಲು ಗಾಳಿಗೆ 1 ಪಾಲು ಡೀಸೆಲ್ ಎಂಬ ಮಿತಿ ಇಟ್ಟಿದೆ ಅಂದುಕೊಳ್ಳಿ. ಆಗ 50 ಮಿಲಿಗ್ರಾಂ ಡೀಸೆಲ್ ಬಿಡುತ್ತದೆ. ಸೆನ್ಸರ್ ಶೇ 20ರಷ್ಟು ಕಡಿಮೆ ತೂಗಿ 800 ಎಂದು ಹೇಳಿದರೆ ಬಿಡುವುದು 40 ಮಾತ್ರ. ಗಾಳಿ ಇದೆ, ಡೀಸೆಲ್ ಇದೆ, ಆದರೂ ಗಾಡಿ ಎಳೆಯುವುದಿಲ್ಲ. ಹೊಗೆಯೂ ಇರುವುದಿಲ್ಲ. ಸೆನ್ಸರ್ ಹೆಚ್ಚು ತೂಗಿದರೆ ಇದಕ್ಕೆ ಉಲ್ಟಾ: ಇಜಿಆರ್ ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತದೆ, ಲೋಡಿನಲ್ಲಿ ಡೀಸೆಲ್ ಹೆಚ್ಚು ಬೀಳುತ್ತದೆ, ಕಪ್ಪು ಹೊಗೆ ಬರುತ್ತದೆ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಬೇಗ ತುಂಬುತ್ತದೆ.

ಅದಿರಿನ ಧೂಳು ಕೂತ ಫಿಲ್ಮ್ ಸಾಮಾನ್ಯವಾಗಿ ಎರಡೂ ತಪ್ಪು ಮಾಡುತ್ತದೆ. ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ) ತುಸು ಹೆಚ್ಚು, ಲೋಡಿನಲ್ಲಿ ಕಡಿಮೆ ತೋರಿಸುತ್ತದೆ. ಆದ್ದರಿಂದಲೇ ಗ್ಯಾರೇಜಿನಲ್ಲಿ ನಿಂತಲ್ಲೇ ಪರೀಕ್ಷೆ ಮಾಡಿದಾಗ "ಸೆನ್ಸರ್ ಚಲೋ ಐತಿ" ಅನ್ನಿಸಿ, ಸಂಡೂರಿನ ಏರು ಹತ್ತುವಾಗ ಮತ್ತೆ ಅದೇ ಗೋಳು.

ನಿಮ್ಮ ಗಾಡಿಯಲ್ಲಿ ಈ ಸೆನ್ಸರ್ ಇದೆಯೇ?

ಕೇಳಲೇಬೇಕಾದ ಪ್ರಶ್ನೆ ಇದು. ಮೆಕ್ಯಾನಿಕಲ್ ಪಂಪಿನ ಹಳೇ ಲಾರಿಗಳಲ್ಲಿ ಇದು ಇಲ್ಲವೇ ಇಲ್ಲ. ಅಂಥ ಗಾಡಿಗೆ ಸೆನ್ಸರ್ ಮಾತು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬನ್ನಿ. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್4, 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮಗಳು ಬಂದವು. ಕಾಮನ್ ರೈಲ್ (ಇಸಿಎಂ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ವ್ಯವಸ್ಥೆ) ಇರುವ, ಇಜಿಆರ್ ಇರುವ ಪಿಕಪ್ ಮತ್ತು ಸಣ್ಣ ಗೂಡ್ಸ್ ಗಾಡಿಗಳಲ್ಲಿ ಏರ್‌ಫ್ಲೋ ಸೆನ್ಸರ್ ಸಾಮಾನ್ಯ. ದೊಡ್ಡ ಟಿಪ್ಪರ್, ಟ್ರೇಲರ್‌ಗಳಲ್ಲಿ ಕೆಲವಕ್ಕೆ ಇದೆ. ಇನ್ನು ಕೆಲವು ಒತ್ತಡ ಮತ್ತು ಉಷ್ಣಾಂಶ ನೋಡಿಯೇ ಗಾಳಿಯನ್ನು ಲೆಕ್ಕ ಹಾಕಿಕೊಳ್ಳುತ್ತವೆ.

ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಡೆಗೆ ಹೋಗುವ ಪೈಪ್ ನೋಡಿ. ಡಬ್ಬಿ ದಾಟಿದ ಕೂಡಲೇ ನಾಲ್ಕೈದು ವೈರಿನ ಪ್ಲಗ್ ಇದ್ದರೆ ಅದೇ ಏರ್‌ಫ್ಲೋ ಸೆನ್ಸರ್. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ) ದಾಟಿ ಎಂಜಿನ್ ಮ್ಯಾನಿಫೋಲ್ಡಿನ ಮೇಲೆ ಕೂತಿರುವುದು ಬೂಸ್ಟ್ ಪ್ರೆಶರ್ ಸೆನ್ಸರ್, ಅದು ಬೇರೆ. ಫಿಲ್ಟರ್ ಡಬ್ಬಿಗೆ ಹಚ್ಚಿದ ಒಂದೆರಡು ವೈರಿನ ಸಣ್ಣ ಸ್ವಿಚ್ ಫಿಲ್ಟರ್ ಕಟ್ಟಿದೆ ಎಂದು ಲೈಟ್ ಹತ್ತಿಸುವಂಥದ್ದು. ಈ ಮೂರನ್ನು ಒಂದೇ ಹೆಸರಿನಲ್ಲಿ ಕರೆದು ತಪ್ಪು ಭಾಗ ಕೊಳ್ಳುವವರು ಕಡಿಮೆಯಿಲ್ಲ.

ಯಾವುದರಿಂದ ಅಳೆಯಬೇಕು

ಆಯ್ಕೆಗಳನ್ನು ಐದು ಮಾತಿನಿಂದ ಅಳೆದಿದ್ದೇವೆ. ತಪ್ಪು ನಿಜವಾಗಿಯೂ ಸೆನ್ಸರಿನದೇ ಎಂಬುದು ಸಾಬೀತಾಗಿದೆಯೇ. ಹಾಕುವ ಸೆನ್ಸರ್ ಹೇಳುವ ತೂಕವೂ ಇಸಿಎಂ ಒಳಗೆ ಬರೆದಿಟ್ಟ ಕೋಷ್ಟಕವೂ ಹೊಂದುತ್ತವೆಯೇ. ನಮ್ಮ ಧೂಳಿನಲ್ಲಿ ಎಷ್ಟು ದಿನ ಬಾಳುತ್ತದೆ. ಭಾಗದ ಬೆಲೆಯ ಜೊತೆಗೆ ಗಾಡಿ ನಿಂತ ದಿನದ ಬಾಡಿಗೆಯೂ ಸೇರಿ ಒಟ್ಟು ಖರ್ಚೆಷ್ಟು. ಕೊನೆಗೆ ವಾರಂಟಿ, ಎಮಿಷನ್ ಸರ್ಟಿಫಿಕೇಟ್, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ತೊಂದರೆಯಿದೆಯೇ. ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಮೇಲು. ಅದರಲ್ಲಿ ಸೋತ ಸೆನ್ಸರ್ ಪುಕ್ಕಟೆ ಸಿಕ್ಕರೂ ಬೇಡ.

ಮೊದಲು ಗಾಳಿಯ ದಾರಿ

ಸೆನ್ಸರಿನ ಆಯ್ಕೆಗಳಿಗೆ ಹೋಗುವ ಮೊದಲು ಗಾಳಿ ಬರುವ ದಾರಿ ನೋಡುವುದು ಕಡ್ಡಾಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ, ಏಕೆಂದರೆ ಹೊಸ ಸೆನ್ಸರ್ ಹಾಕಿದ ಮೇಲೂ ಗಾಡಿ ಎಳೆಯದೇ ಇರುವ ಹೆಚ್ಚಿನ ಪ್ರಸಂಗಗಳ ಮೂಲ ಇಲ್ಲೇ ಇರುತ್ತದೆ.

ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಳಿಯೇ ಕಡಿಮೆ ಬರುತ್ತದೆ, ಸೆನ್ಸರ್ ಕಡಿಮೆ ಎಂದು ಹೇಳುತ್ತದೆ. ಅದು ನಿಜವನ್ನೇ ಹೇಳುತ್ತಿದೆ. ನಿಜ ಹೇಳಿದವನನ್ನು ಕಿತ್ತೆಸೆದು ಪ್ರಯೋಜನವಿಲ್ಲ. ಡೀಸೆಲ್ ಎಂಜಿನ್ನಿನ ಫಿಲ್ಟರ್ ಬದಲಿಸುವ ಸಾಮಾನ್ಯ ಮಿತಿ 25 ಇಂಚು ನೀರಿನ ಒತ್ತಡ, ಅಂದರೆ ಸುಮಾರು 6.2 ಕಿಲೋಪಾಸ್ಕಲ್. ಗೇಜ್ ಅಥವಾ ಕೆಂಪು ಸೂಚಕ ಇರುವ ಗಾಡಿಯಲ್ಲಿ ಅದನ್ನೇ ನಂಬಿ. ಇಲ್ಲದಿದ್ದರೆ ಅದಿರಿನ ರಸ್ತೆ, ಗಿಣಿಗೇರಿಯ ಕಾರ್ಖಾನೆಗಳ ಸುತ್ತ, ಶಕ್ತಿನಗರದ ಹಾರುಬೂದಿಯ ಸಾಗಣೆ, ಗಂಗಾವತಿ–ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟಿನ ಲೋಡು, ಇಂಥ ಕಡೆ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಡಬ್ಬಿ ಬಿಚ್ಚಿ ನೋಡಿ.

ಫಿಲ್ಟರಿಗೆ ಗಾಳಿ ಹೊಡೆಸುವ ರೀತಿಯಲ್ಲೇ ಅನೇಕ ಸೆನ್ಸರುಗಳು ಸಾಯುತ್ತವೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ 7–8 ಬಾರ್ ಒತ್ತಡ ಇರುತ್ತದೆ. ಅದನ್ನು ಹತ್ತಿರದಿಂದ ನೇರ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ, ಮರುದಿನದಿಂದ ಕೆಂಪು ಧೂಳು ನೇರ ಫಿಲ್ಮಿನ ಮೇಲೆ. ಹೊಡೆಸಲೇಬೇಕೆಂದರೆ 2 ಬಾರ್ ಮೀರದಂತೆ, ಒಳಗಿನಿಂದ ಹೊರಕ್ಕೆ, ಒಂದು ಗೇಣು ದೂರದಿಂದ. ಆಮೇಲೆ ಕತ್ತಲಲ್ಲಿ ಫಿಲ್ಟರಿನ ಒಳಗೆ ಟಾರ್ಚ್ ಇಟ್ಟು ನೋಡಿ. ಬೆಳಕಿನ ಚುಕ್ಕೆ ಕಂಡರೆ ಆ ಫಿಲ್ಟರ್ ಬಿಸಾಡಿ. ಎರಡು ಫಿಲ್ಟರ್ ಇರುವ ಗಾಡಿಯಲ್ಲಿ ಒಳಗಿನದಕ್ಕೆ ಗಾಳಿ ಹೊಡೆಸಬಾರದು. ಹೊರಗಿನದು ಮೂರು ಸಲ ಬದಲಾದಾಗ ಅದನ್ನೂ ಹೊಸದು ಹಾಕುವುದು ರೂಢಿ. ಡಬ್ಬಿಯ ತಳದಲ್ಲಿ ಧೂಳು ಉದುರಿಸುವ ರಬ್ಬರ್ ಮೂತಿ ಹರಿದಿದೆಯೇ, ಬಿದ್ದುಹೋಗಿದೆಯೇ ಎಂದೂ ನೋಡಿ. ಕೆಲವೇ ರೂಪಾಯಿಯ ಆ ರಬ್ಬರ್ ಇಲ್ಲದ ಡಬ್ಬಿಗೆ ಹೊಸ ಸೆನ್ಸರ್ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಸೆನ್ಸರ್ ಮತ್ತು ಟರ್ಬೊ ನಡುವಿನ ರಬ್ಬರ್ ಹೋಸ್ ಸೀಳಿದ್ದರೆ ಗಾಳಿಯ ಒಂದು ಪಾಲು ಸೆನ್ಸರನ್ನು ತಪ್ಪಿಸಿಕೊಂಡು ಒಳಗೆ ಹೋಗುತ್ತದೆ. ಆಗ ಸ್ಕ್ಯಾನರಿನಲ್ಲಿ ಕಾಣುವುದು ಕೆಟ್ಟ ಸೆನ್ಸರಿನ ಲಕ್ಷಣವೇ. ಇನ್ನೂ ಕೆಟ್ಟದ್ದೆಂದರೆ ಅದೇ ಸೀಳಿನಿಂದ ಹೋದ ಧೂಳು ಟರ್ಬೊ ರೆಕ್ಕೆಗಳನ್ನು ತಿನ್ನುತ್ತದೆ. ಹೋಸ್ ಬಿಚ್ಚಿ, ಬಗ್ಗಿಸಿ, ಮಡಿಕೆಗಳ ನಡುವೆ ನೋಡಿ. ಕ್ಲಿಪ್ಪುಗಳನ್ನು ಬಿಗಿ ಮಾಡಿ. ಟರ್ಬೊ ಆದ ಮೇಲಿನ, ಇಂಟರ್‌ಕೂಲರ್ ಕಡೆಯ ಹೋಸ್ ಸೀಳಿದ್ದರೆ ಲಕ್ಷಣ ಬೇರೆ: ಆಕ್ಸಿಲರೇಟರ್ ಒತ್ತಿದಾಗ ಸೀಟಿ ಹೊಡೆದಂಥ ಸದ್ದು, ಕಪ್ಪು ಹೊಗೆ, ಎಳೆತ ಇಲ್ಲ. ತೂಗಿದ ಗಾಳಿ ದಾರಿಯಲ್ಲೇ ಸೋರಿಹೋಗುತ್ತಿದೆ. ಸೋಪಿನ ನೀರು ಸವರಿ ಎಂಜಿನ್ ರೇಸ್ ಮಾಡಿಸಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ರಾಯಚೂರಿನ ಹತ್ತಿ ಜಿನ್ನಿಂಗ್ ಕಡೆ ಓಡುವ ಗಾಡಿಗಳ ಇಂಟರ್‌ಕೂಲರ್ ಮೇಲೆ ಹತ್ತಿಯ ಎಳೆ ಕಂಬಳಿಯಂತೆ ಕೂತಿರುತ್ತದೆ. ಅದನ್ನು ತೆಗೆದರೇ ಬೇಸಿಗೆಯ ಮಂದತನ ಇಳಿಯುವುದುಂಟು.

ರೈಸ್ ಮಿಲ್ಲಿನ ಗೋದಾಮಿನಲ್ಲಿ ರಾತ್ರಿ ನಿಲ್ಲುವ ಗಾಡಿಗೆ ಇನ್ನೊಂದು ಶತ್ರು ಇಲಿ. ಸೆನ್ಸರಿನ ವೈರ್ ಕಡಿದರೆ ಪಿ0102 ಅಥವಾ ಪಿ0103 ಕೋಡ್ ಬರುತ್ತದೆ. ಇವು ಸರ್ಕ್ಯೂಟಿನ ಕೋಡುಗಳು. ಇವು ಬಂದಾಗ ಮೊದಲು ವೈರು, ಪ್ಲಗ್ಗಿನ ಪಿನ್ನು ನೋಡಬೇಕು. ಫಿಲ್ಟರ್ ಡಬ್ಬಿಯೊಳಗೆ ಹೊಟ್ಟಿನ ಗೂಡು ಕಟ್ಟಿರುವುದೂ ಇದೆ.

ಹೊಗೆ ನೋಡಿ ದಾರಿ ಹಿಡಿಯುವ ಒಂದು ಸುಲಭ ಉಪಾಯ ನೆನಪಿಟ್ಟುಕೊಳ್ಳಿ. ಎಳೆತ ಇಲ್ಲ, ಕಪ್ಪು ಹೊಗೆ ಇದೆ ಎಂದರೆ ಎಂಜಿನ್ನಿಗೆ ಗಾಳಿಯ ಕೊರತೆ: ಫಿಲ್ಟರ್, ಟರ್ಬೊ ಹೋಸ್, ತೆರೆದೇ ಸಿಕ್ಕಿಕೊಂಡ ಇಜಿಆರ್. ಎಳೆತ ಇಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ಲಿನ ಕೊರತೆ: ಡೀಸೆಲ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಇಸಿಎಂ ತಾನೇ ಕೈ ಬಿಗಿ ಹಿಡಿದಿದೆ. ಸೆನ್ಸರ್ ಕಡಿಮೆ ತೂಗುವ ಅನುಮಾನ ಈ ಎರಡನೆಯ ಗುಂಪಿನಲ್ಲಿ ಬರುತ್ತದೆ.

ತಪ್ಪು ಸೆನ್ಸರಿನದೇ ಎಂದು ಖಚಿತ ಮಾಡಿಕೊಳ್ಳುವುದು

ಪ್ಲಗ್ ಕಿತ್ತು ಓಡಿಸಿ ನೋಡುವುದು ನಮ್ಮ ಗ್ಯಾರೇಜುಗಳಲ್ಲಿ ಬಹಳ ನಡೆಯುವ ಪರೀಕ್ಷೆ. ಪ್ಲಗ್ ತೆಗೆದಾಗ ಇಸಿಎಂ ತನ್ನೊಳಗಿನ ಅಂದಾಜು ಸಂಖ್ಯೆ ಹಿಡಿದು ಓಡಿಸುತ್ತದೆ. ಎಳೆತ ಬಂದರೆ "ಸೆನ್ಸರ್ ಹೋಗಿದೆ" ಎಂದು ತೀರ್ಪು. ಇಲ್ಲಿ ಒಂದು ಮೋಸವಿದೆ. ಪ್ಲಗ್ ಕಿತ್ತಾಗ ಇಸಿಎಂ ಸಾಮಾನ್ಯವಾಗಿ ಇಜಿಆರನ್ನೂ ಮುಚ್ಚಿಬಿಡುತ್ತದೆ. ಮಸಿ ಹಿಡಿದ ಇಜಿಆರಿನಿಂದ ಎಳೆತ ಹೋಗಿದ್ದರೂ ಪ್ಲಗ್ ಕಿತ್ತ ಕೂಡಲೇ ಗಾಡಿ ಚುರುಕಾಗುತ್ತದೆ. ಸಾವಿರಗಳ ಸೆನ್ಸರ್ ಬದಲಾಗುತ್ತದೆ, ಇಜಿಆರ್ ಹಾಗೆಯೇ ಉಳಿಯುತ್ತದೆ. ಈ ಪರೀಕ್ಷೆಯನ್ನು ಎರಡು-ಮೂರು ಕಿಲೋಮೀಟರಿಗೆ ಮುಗಿಸಿ. ಬಿಎಸ್6 ಗಾಡಿಯನ್ನು ಹಾಗೇ ಬಾಡಿಗೆಗೆ ಬಿಡಬೇಡಿ.

ಸರಿಯಾದ ಪರೀಕ್ಷೆ ಸ್ಕ್ಯಾನರಿನಲ್ಲಿ ಸಂಖ್ಯೆ ನೋಡುವುದು. ಎಂಜಿನ್ ಬಿಸಿಯಾಗಲಿ, ಐಡಲ್‌ನಲ್ಲಿ ಬಿಡಿ, ಸ್ಕ್ಯಾನರಿನಿಂದಲೇ ಇಜಿಆರ್ ಮುಚ್ಚಿಸಿ. ಒಂದು ಸಿಲಿಂಡರಿನ ಸಿಸಿಯನ್ನು 0.9ರಿಂದ ಗುಣಿಸಿದರೆ ಬರಬೇಕಾದ ಮಿಲಿಗ್ರಾಂ ಹತ್ತಿರಕ್ಕೆ ಸಿಗುತ್ತದೆ. ಬೊಲೆರೊ ಪಿಕಪ್ಪಿನ 2523 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಹಿಡಿದರೆ ಒಂದಕ್ಕೆ 630 ಸಿಸಿ. ಅಂದರೆ 500ರಿಂದ 600 ಮಿಲಿಗ್ರಾಂ ನಡುವೆ ಇರಬೇಕು. ಇಜಿಆರ್ ತೆರೆದಾಗ ಇದು ಅರ್ಧದ ಹತ್ತಿರಕ್ಕೆ ಇಳಿಯಬೇಕು. ಮುಚ್ಚಿಸಿದರೂ ತೆರೆಸಿದರೂ ಸಂಖ್ಯೆ ಅಲ್ಲಾಡದಿದ್ದರೆ ಇಜಿಆರ್ ಸಿಕ್ಕಿಕೊಂಡಿದೆ. ಐಡಲ್‌ನಲ್ಲಿ ಸರಿ ಬಂದರೆ ಪೂರ್ತಿ ಲೋಡಿನೊಂದಿಗೆ ಏರಿನಲ್ಲಿ ಮೂರನೇ ಗೇರ್ ಹಾಕಿ, ಸಂಖ್ಯೆಗಳನ್ನು ರೆಕಾರ್ಡ್ ಮಾಡಿಸಿ. ಬೂಸ್ಟ್ ಪ್ರೆಶರ್ ಚೆನ್ನಾಗಿ ಏರಿ, ಗಾಳಿಯ ಸಂಖ್ಯೆ ಮಾತ್ರ ಏರದೆ ನಿಂತರೆ ಸೆನ್ಸರ್ ಅಥವಾ ಅದರ ಮುಂದಿನ ಹೋಸ್ ಎಂದು ತಿಳಿಯಿರಿ. ಎರಡೂ ಏರದಿದ್ದರೆ ಟರ್ಬೊ ಕಡೆ ನೋಡಬೇಕು.

ಸ್ಕ್ಯಾನರ್ ಇಲ್ಲದ ಕಡೆ ಅದೇ ಮಾಡೆಲಿನ, ಅದೇ ಪಾರ್ಟ್ ನಂಬರಿನ ಸೆನ್ಸರ್ ಇರುವ ಪರಿಚಯದ ಗಾಡಿಯಿಂದ ಹತ್ತು ನಿಮಿಷಕ್ಕೆ ಅದಲುಬದಲು ಮಾಡಿ ಓಡಿಸಿ ನೋಡಿ. ಎಲೆಕ್ಟ್ರಿಕ್ ಭಾಗಗಳನ್ನು ಒಮ್ಮೆ ಬಿಚ್ಚಿದರೆ ಅಂಗಡಿಗಳು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಈ ಹತ್ತು ನಿಮಿಷಕ್ಕೆ ಬೆಲೆಯಿದೆ.

ಆಯ್ಕೆ ಒಂದು: ತೊಳೆದು ಮತ್ತೆ ಹಾಕುವುದು

ಖರ್ಚು ನೂರುಗಳ ಲೆಕ್ಕದಲ್ಲಿ, ಕೆಲಸ ಅರ್ಧ ತಾಸಿನದು. ಧೂಳು ಅಥವಾ ತೆಳು ಎಣ್ಣೆ ಕೂತು ತಪ್ಪು ತೂಗುತ್ತಿದ್ದರೆ ಇದರಿಂದಲೇ ಸರಿಹೋಗಬಹುದು. ಫಿಲ್ಮ್ ಸವೆದಿದ್ದರೆ, ಒಳಗಿನ ಸರ್ಕ್ಯೂಟ್ ಹೋಗಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಬೇಕಾದದ್ದು ಏರ್‌ಫ್ಲೋ ಸೆನ್ಸರಿಗೆಂದೇ ಮಾಡಿದ ಸ್ಪ್ರೇ. ಅದು ಸಿಗದಿದ್ದರೆ ಎಣ್ಣೆಯ ಪಸೆ ಉಳಿಸದ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್. ಪೆಟ್ರೋಲ್, ಥಿನ್ನರ್, ಕಾರ್ಬುರೇಟರ್ ಸ್ಪ್ರೇ, ಬ್ರೇಕ್ ಕ್ಲೀನರ್ ಇವು ಬೇಡ. ಪ್ಲಾಸ್ಟಿಕ್ಕನ್ನೂ ಫಿಲ್ಮಿನ ಲೇಪವನ್ನೂ ಹಾಳುಮಾಡುತ್ತವೆ. ಇಗ್ನಿಷನ್ ಆಫ್ ಮಾಡಿ, ಎಂಜಿನ್ ಆರಲಿ. ಪ್ಲಗ್ಗಿನ ಲಾಕ್ ಒತ್ತಿ ತೆಗೆಯಿರಿ, ವೈರ್ ಹಿಡಿದು ಎಳೆಯಬೇಡಿ. ಅನೇಕ ಸೆನ್ಸರುಗಳಿಗೆ ನಕ್ಷತ್ರಾಕಾರದ ಟಾರ್ಕ್ಸ್ ಸ್ಕ್ರೂ ಇರುತ್ತದೆ. ಸಾದಾ ಸ್ಕ್ರೂಡ್ರೈವರ್ ತುರುಕಿ ತಲೆ ಕೆಡಿಸಬೇಡಿ. ನಾಲ್ಕೈದು ಇಂಚು ದೂರದಿಂದ ಹತ್ತು-ಹದಿನೈದು ಸಲ ಚಿಕ್ಕ ಚಿಕ್ಕ ಪಿಚಕಾರಿ. ಬಟ್ಟೆ, ಹತ್ತಿ, ಬ್ರಷ್, ಬೆರಳು ಯಾವುದೂ ಫಿಲ್ಮಿಗೆ ತಾಕಬಾರದು. ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ, ಒಂದೇ ಹೊಡೆತಕ್ಕೆ ಫಿಲ್ಮ್ ಒಡೆಯಬಹುದು. ನೆರಳಲ್ಲಿ ಇಪ್ಪತ್ತು-ಮೂವತ್ತು ನಿಮಿಷ ತಾನಾಗಿ ಒಣಗಲಿ. ಓ-ರಿಂಗ್ ನೋಡಿ, ಬಾಣದ ಗುರುತು ಎಂಜಿನ್ ಕಡೆಗೆ ಇರುವಂತೆ ಕೂರಿಸಿ, ಕೋಡ್ ಅಳಿಸಿ.

ಬೆಲೆ, ಸಮಯ, ಕಾನೂನು ಮೂರರಲ್ಲೂ ಇದು ಗೆಲ್ಲುತ್ತದೆ. ತೊಳೆದ ಮೇಲೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ತೊಂದರೆ ಬಂದರೆ ಸೆನ್ಸರನ್ನು ಬೈಯುವುದಕ್ಕಿಂತ ಫಿಲ್ಟರಿನಲ್ಲಿ ತೂತು ಹುಡುಕಿ.

ಆಯ್ಕೆ ಎರಡು: ಅಸಲಿ ಹೊಸ ಸೆನ್ಸರ್

ಪರೀಕ್ಷೆಯಲ್ಲಿ ಸೆನ್ಸರ್ ಕೆಟ್ಟಿದೆ ಎಂದು ಖಚಿತವಾದರೆ, ತೊಳೆದರೂ ಸರಿಯಾಗದಿದ್ದರೆ, ಇದೇ ದಾರಿ. ಖರ್ಚು ಕೆಲವು ಸಾವಿರ. ಗಾಡಿ ಕಂಪನಿಯ ಪೊಟ್ಟಣದಲ್ಲೇ ಕೊಳ್ಳಬೇಕೆಂದೇನಿಲ್ಲ. ಕಂಪನಿಗೆ ಸೆನ್ಸರ್ ಮಾಡಿಕೊಡುವ ಬಾಷ್‌ನಂಥ ತಯಾರಕರ ಸ್ವಂತ ಪೊಟ್ಟಣದಲ್ಲಿ ಅದೇ ಭಾಗ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಹಳೇ ಸೆನ್ಸರಿನ ಮೇಲಿನ ನಂಬರನ್ನು ಕೊನೆಯ ಅಂಕಿಯವರೆಗೂ ಹೊಂದಿಸಿ ನೋಡಿ. ನೋಡಲು ಒಂದೇ ಥರ, ಪ್ಲಗ್ಗೂ ಒಂದೇ, ಆದರೆ ಕೊನೆಯ ಅಂಕಿ ಬೇರೆಯಾದರೆ ಒಳಗಿನ ಲೆಕ್ಕವೇ ಬೇರೆಯಿರಬಹುದು.

ಹಾಕಿದ ಮೇಲೆ ಕೆಲವು ಗಾಡಿಗಳಲ್ಲಿ ಇಸಿಎಂ ಹಳೇ ಸೆನ್ಸರಿಗಾಗಿ ಕಲಿತಿಟ್ಟ ತಿದ್ದುಪಡಿಯನ್ನು ಸ್ಕ್ಯಾನರಿನಿಂದ ಅಳಿಸಬೇಕಾಗುತ್ತದೆ. ಬ್ಯಾಟರಿ ವೈರ್ ತೆಗೆದು ಹಾಕಿದರೆ ಎಲ್ಲ ಗಾಡಿಯಲ್ಲೂ ಅದು ಅಳಿಯುವುದಿಲ್ಲ. ಈ ಒಂದು ಹೆಜ್ಜೆ ಬಿಟ್ಟು "ಹೊಸದು ಹಾಕಿದ್ರೂ ಅಷ್ಟೇ" ಎಂದು ಗೊಣಗುವವರಿದ್ದಾರೆ.

ಹಣ ಹುಟ್ಟುತ್ತದೆಯೇ ಎಂಬ ಲೆಕ್ಕ ನೀವೇ ಹಾಕಿಕೊಳ್ಳಬಹುದು. ತಿಂಗಳಿಗೆ 3000 ಕಿಲೋಮೀಟರ್, ಲೀಟರಿಗೆ 12 ಕಿಲೋಮೀಟರ್ ಎಂದರೆ 250 ಲೀಟರ್. ಕೆಟ್ಟ ಸೆನ್ಸರಿನಿಂದ ಶೇ 5ರಷ್ಟು ಮೈಲೇಜ್ ಹೋಗಿದೆ ಎಂದು ಹಿಡಿದರೂ ತಿಂಗಳಿಗೆ ಹನ್ನೆರಡೂವರೆ ಲೀಟರ್. ಲೀಟರಿಗೆ 90 ರೂಪಾಯಿಯಂತೆ 1,100 ರೂಪಾಯಿ ಮೇಲೆ. ಆ ಲೆಕ್ಕದಲ್ಲಿ ಅಸಲಿ ಸೆನ್ಸರಿನ ಹಣ ಕೆಲವೇ ತಿಂಗಳಲ್ಲಿ ಹುಟ್ಟುತ್ತದೆ. ಮೈಲೇಜ್ ಹೋಗಿಯೇ ಇಲ್ಲದಿದ್ದರೆ ಹುಟ್ಟುವುದೂ ಇಲ್ಲ.

ಆಯ್ಕೆ ಮೂರು: ಅಗ್ಗದ ಪ್ರತಿ, ಗುಜರಿಯ ಹಳೇದು

ಅಗ್ಗದ ಪ್ರತಿಗಳ ತೊಂದರೆ ಬೇಗ ಕೆಡುವುದಷ್ಟೇ ಅಲ್ಲ. ಮೊದಲ ದಿನದಿಂದಲೇ ತಪ್ಪು ತೂಗುವುದು ಅದಕ್ಕಿಂತ ದೊಡ್ಡದು. ಐಡಲ್‌ನಲ್ಲಿ ಹೊಂದಿಸಿ ಬಿಟ್ಟಿರುತ್ತಾರೆ. ಹರಿವು ಹೆಚ್ಚಿದಂತೆ ದಾರಿ ತಪ್ಪುತ್ತದೆ. ಚೆಕ್ ಲೈಟ್ ಆರುತ್ತದೆ, ಆದ್ದರಿಂದ ಕೆಲಸ ಆಯಿತು ಎಂದು ಅನ್ನಿಸುತ್ತದೆ. ಆರು ತಿಂಗಳ ಮೇಲೆ ಡಿಪಿಎಫ್ ಕಟ್ಟಿ ಗಾಡಿ ನಿಂತಾಗ ಇದರ ಕಡೆ ಯಾರೂ ಬೊಟ್ಟು ಮಾಡುವುದಿಲ್ಲ. ಬಿಎಸ್6 ಗಾಡಿಗೆ ಇದನ್ನು ನಾವು ಯಾವ ಕಾರಣಕ್ಕೂ ಹೇಳುವುದಿಲ್ಲ. ಡಿಪಿಎಫ್ ಇಲ್ಲದ ಬಿಎಸ್4 ಪಿಕಪ್ಪಿಗೆ, ಅಸಲಿ ಬರುವವರೆಗೆ ನಾಲ್ಕು ದಿನ ಬಾಡಿಗೆ ತಪ್ಪಬಾರದು ಎಂಬ ಕಷ್ಟದಲ್ಲಿ ಹಾಕಿಕೊಂಡರೆ ಅರ್ಥವಿದೆ.

ಗುಜರಿಯಲ್ಲಿ ಸಿಗುವ ಅಸಲಿ ಹಳೇ ಸೆನ್ಸರ್ ಅಗ್ಗದ ಪ್ರತಿಗಿಂತ ಮೇಲು, ಒಂದು ಷರತ್ತಿನ ಮೇಲೆ: ನಂಬರ್ ಪೂರ್ತಿ ಹೊಂದಬೇಕು, ನಿಮ್ಮ ಗಾಡಿಗೇ ಹಾಕಿ ಸ್ಕ್ಯಾನರಿನಲ್ಲಿ ಮೇಲೆ ಹೇಳಿದ ಸಂಖ್ಯೆ ಬಂದ ಮೇಲಷ್ಟೇ ಹಣ ಕೊಡಬೇಕು. ಒಳಗಿನ ಜಾಲರಿ ಹರಿದದ್ದು, ಫಿಲ್ಮಿನ ಮೇಲೆ ನೀರಿನ ಕಲೆ ಇದ್ದದ್ದು ಮುಟ್ಟಬೇಡಿ.

ಆಯ್ಕೆ ನಾಲ್ಕು: ದೊಡ್ಡ ಬಾಯಿಯ ಸೆನ್ಸರ್

ಅಪ್‌ಗ್ರೇಡ್ (ಮೇಲ್ದರ್ಜೆಯ ಸೆನ್ಸರ್ ಹಾಕಿ ಶಕ್ತಿ ಹೆಚ್ಚಿಸುವುದು) ಎಂಬ ಮಾತು ಹುಟ್ಟಿದ್ದೇ ಇಲ್ಲಿ. ಅದರ ಮೂಲ ಪೆಟ್ರೋಲ್ ಗಾಡಿಗಳದು. ಹಿಂದಿನ ಕಾಲದ ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಗಾಳಿ ಅಳೆಯಲು ಬಾಗಿಲಿನಂಥ ಮುಚ್ಚಳ ಇತ್ತು. ಅದು ಗಾಳಿಗೆ ಅಡ್ಡಿ ಮಾಡುತ್ತಿತ್ತು, ತೆಗೆದು ಬಿಸಿ ತಂತಿಯದು ಹಾಕಿದರೆ ಸ್ವಲ್ಪ ಲಾಭ ಕಾಣುತ್ತಿತ್ತು. ಇನ್ನೊಂದು, ದೊಡ್ಡ ಟರ್ಬೊ ಹಾಕಿ ಶಕ್ತಿ ಹೆಚ್ಚಿಸಿದ ಎಂಜಿನ್ನಿನಲ್ಲಿ ಮೂಲ ಸೆನ್ಸರಿನ ಅಳತೆ ತುದಿ ಮುಟ್ಟಿಬಿಡುತ್ತದೆ, ಅದಕ್ಕಿಂತ ಹೆಚ್ಚು ಗಾಳಿ ಬಂದರೂ ಹೇಳಲಾರದು. ಅಲ್ಲಿ ದೊಡ್ಡ ಸೆನ್ಸರ್ ಬೇಕೇ ಬೇಕು, ಜೊತೆಗೆ ಇಸಿಎಂ ಕೋಷ್ಟಕವನ್ನೂ ತಿದ್ದಬೇಕು. ಅಲ್ಲಿಯೂ ಶಕ್ತಿ ಕೊಟ್ಟಿದ್ದು ಟರ್ಬೊ, ಸೆನ್ಸರ್ ಅಲ್ಲ.

ಈಗಿನ ಬಿಸಿ ಫಿಲ್ಮಿನ ಸೆನ್ಸರ್ ಪೈಪಿನೊಳಗೆ ತೆಳು ನಾಲಿಗೆಯಂತೆ ನಿಂತಿರುತ್ತದೆ. ಕಟ್ಟಿದ ಫಿಲ್ಟರಿನ ಅಡ್ಡಿಯ ಮುಂದೆ ಅದರ ಅಡ್ಡಿ ಲೆಕ್ಕಕ್ಕೇ ಇಲ್ಲ. ಇನ್ನು ಬಾಯಿ ದೊಡ್ಡದಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. 62 ಮಿಲಿಮೀಟರ್ ವ್ಯಾಸದ ಪೈಪಿನ ಜಾಗಕ್ಕೆ 71ರದು ಬಂದರೆ ಒಳಗೆ ಗಾಳಿ ಹರಿಯುವ ಬಾಯಿಯ ವಿಸ್ತೀರ್ಣ ಶೇ 31ರಷ್ಟು ಹೆಚ್ಚುತ್ತದೆ. ಗಾಳಿ ಅಷ್ಟೇ ಇರುವುದರಿಂದ ಅದರ ವೇಗ ಶೇ 24ರಷ್ಟು ಇಳಿಯುತ್ತದೆ. ಫಿಲ್ಮಿಗೆ ಗೊತ್ತಾಗುವುದು ತನ್ನ ಮೇಲೆ ಹರಿದದ್ದು ಮಾತ್ರ. ಹಾಗಾಗಿ ಅದು ಕಡಿಮೆ ಗಾಳಿ ಎಂದು ಹೇಳುತ್ತದೆ, ಇಸಿಎಂ ಡೀಸೆಲ್ ಕತ್ತರಿಸುತ್ತದೆ. ಎಳೆತ ಹೆಚ್ಚಿಸಲು ಹಾಕಿದ ಸೆನ್ಸರ್ ಎಳೆತ ಇಳಿಸುತ್ತದೆ. ಇಜಿಆರ್ ಮುಚ್ಚಿಕೊಳ್ಳುವುದರಿಂದ ಕೆಳಗಿನ ಗೇರಿನಲ್ಲಿ ಖಾಲಿ ಗಾಡಿ ಚುರುಕು ಅನ್ನಿಸಬಹುದು. ಜಾಹೀರಾತಿಗೆ ಬಂಡವಾಳ ಆ ಅನುಭವವೇ. ಲೋಡ್ ಹಾಕಿ ಏರಿಗೆ ಹಚ್ಚಿದಾಗ ನಿಜ ಹೊರಬೀಳುತ್ತದೆ. ಎಣ್ಣೆ ಸವರಿದ ಬಟ್ಟೆಯ ಫಿಲ್ಟರನ್ನೂ ಇದರ ಜೊತೆ ಮಾರುತ್ತಾರೆ; ಆ ಎಣ್ಣೆ ಫಿಲ್ಮಿಗೆ ಅಂಟಿ ಅದರ ಮೇಲೆ ಅದಿರಿನ ಧೂಳು ಕೂತರೆ ಲೇಪನ ಪೂರ್ತಿ. ನಮ್ಮ ಊರುಗಳಿಗೆ ಒಣ ಕಾಗದದ ಫಿಲ್ಟರೇ ಸರಿ.

ಆಯ್ಕೆ ಐದು: ಚಿಪ್, ರೀಮ್ಯಾಪ್

ಇಸಿಎಂ ಒಳಗಿನ ಕೋಷ್ಟಕವನ್ನೇ ತಿದ್ದುವುದು ರೀಮ್ಯಾಪ್. ಈ ಐದರಲ್ಲಿ ನಿಜವಾಗಿ ಶಕ್ತಿ ಹೆಚ್ಚುವ ದಾರಿ ಇದೊಂದೇ, ಏಕೆಂದರೆ ಇದು ಡೀಸೆಲ್ಲನ್ನೇ ಹೆಚ್ಚಿಸುತ್ತದೆ. ಸೆನ್ಸರಿನ ವೈರಿಗೆ ಸಿಕ್ಕಿಸುವ ಸಣ್ಣ ಡಬ್ಬಿಗಳು ಇಸಿಎಂಗೆ ಸುಳ್ಳು ತೂಕ ಹೇಳುತ್ತವೆ, ಅವನ್ನು ದೂರ ಇಡಿ. ರೀಮ್ಯಾಪ್ ಸರಿಯಾಗಿ ಮಾಡಿದರೂ ಹೊಗೆಯ ಬಿಸಿ ಏರುತ್ತದೆ, ಟರ್ಬೊ, ಕ್ಲಚ್, ಗೇರ್‌ಬಾಕ್ಸ್ ಮೇಲೆ ಭಾರ ಬೀಳುತ್ತದೆ. 40 ಡಿಗ್ರಿ ಮೇಲಿನ ಬಿಸಿಲಲ್ಲಿ ಪೂರ್ತಿ ಲೋಡಿನಲ್ಲಿ ದಿನವಿಡೀ ಓಡುವ ಗಾಡಿಗೆ ಆ ಭಾರ ಸಣ್ಣದಲ್ಲ. ವಾರಂಟಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡನ್ನು ತಡೆಯುತ್ತದೆ. 182ಎ ಪ್ರಕಾರ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಾಡಿಗೆಯ ಗಾಡಿಗೆ ಇದು ಹೊಂದುವುದಿಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಯಾರಿಗೆ ಯಾವುದು

ವಾರಂಟಿಯಲ್ಲಿರುವ ಬಿಎಸ್6 ಗಾಡಿಯಾದರೆ ನೀವು ಸ್ಕ್ರೂ ಸಹ ಬಿಚ್ಚಬೇಡಿ; ಫಿಲ್ಟರ್, ಹೋಸ್ ಮಾತ್ರ ನೋಡಿಕೊಂಡು ಷೋರೂಮಿನ ವರ್ಕ್‌ಶಾಪಿಗೆ ಒಯ್ಯಿರಿ. ವಾರಂಟಿ ಮುಗಿದ ಬಿಎಸ್6 ಪಿಕಪ್ಪಿಗೆ ತೊಳೆಯುವುದು, ಆಗದಿದ್ದರೆ ಅಸಲಿ ಹೊಸದು, ಮೂರನೆಯ ದಾರಿ ಇಲ್ಲ. ಬಿಎಸ್4 ಪಿಕಪ್ ಇಟ್ಟುಕೊಂಡು ಸಂತೆಗೆ, ಮಿಲ್ಲಿಗೆ ಓಡಾಡುವವರು, ಕೈಯಲ್ಲಿ ಹಣ ಕಡಿಮೆಯಿದ್ದರೆ, ಮೊದಲು ಹೊಸ ಫಿಲ್ಟರ್ ಮತ್ತು ತೊಳೆಯುವ ಸ್ಪ್ರೇ. ಆಮೇಲೆ ಪರೀಕ್ಷಿಸಿ ತಂದ ಗುಜರಿಯ ಅಸಲಿ. ಅದಿರಿನ ಟಿಪ್ಪರ್ ನಾಲ್ಕೈದು ಇಟ್ಟುಕೊಂಡವರು ಒಂದು ಒಳ್ಳೆಯ ಸ್ಕ್ಯಾನರ್ ಕೊಳ್ಳುವುದು ಯಾವ ಸೆನ್ಸರಿಗಿಂತಲೂ ಹೆಚ್ಚು ಉಳಿಸುತ್ತದೆ. ದೊಡ್ಡ ಗಾಡಿಗಳಲ್ಲಿ ಕೆಲವಕ್ಕೆ ಕೋಡ್ ಪಿ ಅಕ್ಷರದಿಂದ ಬಾರದೆ ಎಸ್‌ಪಿಎನ್ ಸಂಖ್ಯೆಯಾಗಿ ಬರುತ್ತದೆ. ಎಸ್‌ಪಿಎನ್ 132 ಎಂದರೆ ಈ ಗಾಳಿ ತೂಕದ್ದೇ. ಮೆಕ್ಯಾನಿಕಲ್ ಪಂಪಿನ ಹಳೇ ಲಾರಿಯವರು ಫಿಲ್ಟರ್, ಟರ್ಬೊ ಹೋಸ್, ಪಂಪ್, ನಾಝಲ್‌ಗೆ ಹಣ ಹಾಕಿ.

ವಾಟರ್ ಸರ್ವೀಸಿಗೆ ಬಿಟ್ಟಾಗ ಫಿಲ್ಟರ್ ಡಬ್ಬಿಯ ಬಾಯಿಗೂ ಸೆನ್ಸರಿನ ಪ್ಲಗ್ಗಿಗೂ ನೀರಿನ ಗನ್ ಹಿಡಿಯದಂತೆ ಹೇಳಿ. ಯಾವ ದಾರಿ ಹಿಡಿದರೂ ಕೆಲಸ ಮುಗಿದ ದಿನ ಎಂಜಿನ್ ಬಿಸಿಯಾದ ಮೇಲೆ, ಇಜಿಆರ್ ಮುಚ್ಚಿಸಿ, ಐಡಲ್‌ನಲ್ಲಿ ಬಂದ ಮಿಲಿಗ್ರಾಂ ಸಂಖ್ಯೆಯನ್ನು ತಾರೀಖು ಮತ್ತು ಕಿಲೋಮೀಟರ್ ಸಮೇತ ಫಿಲ್ಟರ್ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಸಲ ಗಾಡಿ ಎಳೆಯದಿದ್ದಾಗ ಮೆಕ್ಯಾನಿಕ್ ಮೊದಲು ಹೋಲಿಸಿ ನೋಡಬೇಕಾದ್ದು ಆ ಸಂಖ್ಯೆಯನ್ನೇ.